ಹೈದರಾಬಾದಿನಿಂದ ಬಂದ ಕಂಪನಿ ಟಿವಿ

ತವರುಮನೆಯಲ್ಲಿ ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಅಪ್ಪನ ರೇಡಿಯೋ ಇರುತ್ತಿತ್ತು. ನಾನು ಹುಟ್ಟುವ ಮೊದಲೇ ಬಂದದ್ದು. ನನ್ನ ಮದುವೆಯ ದಿನವೂ ಹಾಡುತ್ತಿತ್ತು. ಅದರ ಕಂಪನಿಯ ಹೆಸರನ್ನು ಅಪ್ಪ ಮನೆದೇವರ ಹೆಸರಿನಷ್ಟೇ ಭಕ್ತಿಯಿಂದ ಹೇಳುತ್ತಿದ್ದರು. ಆ ಭಕ್ತಿ ನನಗೂ ಅಂಟಿತು. ಸುರಪುರದ ಶಾಲೆಯಲ್ಲಿ ಟೀಚರಾದ ಮೇಲೆ ಫ್ಯಾನು, ಇಸ್ತ್ರಿ ಪೆಟ್ಟಿಗೆ, ಮಿಕ್ಸಿ ಎಲ್ಲವನ್ನೂ ಅದೇ ಕಂಪನಿಯದನ್ನೇ ಕೊಂಡೆ. ಬೇರೆ ಕಂಪನಿಯದು ಕೊಂಡವರನ್ನು ಕಂಡರೆ ನನಗೆ ಕನಿಕರ. ಕನಿಕರವನ್ನು ಬಾಯಿಬಿಡದೆ ಒಳಗೇ ಇಟ್ಟುಕೊಳ್ಳುವ ಸ್ವಭಾವ ಮಾತ್ರ ನನ್ನದಲ್ಲ.

ಕಾಲುವೆ ನೀರು ಬಂದು ಆಗಲೇ ನಾಲ್ಕಾರು ಬೆಳೆ ಆಗಿದ್ದವು. ಜೋಳದ ಹೊಲಗಳಿಗೆ ಭತ್ತ ಬಂದಿತ್ತು, ಭತ್ತದ ಹಿಂದೆಯೇ ಮನೆಗಳಿಗೆ ಟಿವಿ ಬಂದಿತ್ತು. ಯಾವ ಟಿವಿ ಕೊಳ್ಳಬೇಕೆಂದು ಓಣಿಯ ಹೆಂಗಸರು ನನ್ನನ್ನೇ ಕೇಳುತ್ತಿದ್ದರು. ನಾನು ಹೇಳುತ್ತಿದ್ದದ್ದು ಒಂದೇ ಹೆಸರು. ಆದರೆ ನನ್ನ ಮನೆಗೆ ಕೊಳ್ಳುವ ಹೊತ್ತು ಬಂದಾಗ, ಯಾದಗಿರಿಯ ಶೋರೂಮಿನಲ್ಲಿ ದರ ಕೇಳಿ ಸುಮ್ಮನೆ ಬಸ್ಸು ಹತ್ತಿ ವಾಪಸ್ ಬಂದೆ. ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದ ಅಣ್ಣನಿಗೆ ಪತ್ರ ಬರೆದೆ. ಅದೇ ಕಂಪನಿಯದೇ ಬೇಕು, ಆದರೆ ಅರ್ಧ ದರಕ್ಕೆ ಬೇಕು, ನೀನು ಅಲ್ಲಿದ್ದೂ ಇಷ್ಟು ಆಗದಿದ್ದರೆ ಹೇಗೆ ಎಂದು ಚುಚ್ಚಿದೆ.

ದಸರೆಗೆ ಅಣ್ಣ ಟಿವಿ ತಂದ. ರಸೀದಿ ಎಲ್ಲಿ ಎಂದು ನಾನು ಕೇಳಲಿಲ್ಲ. ಮುಂಭಾಗದಲ್ಲಿ ಬೆಳ್ಳಿಯ ಬಣ್ಣದ ಅಕ್ಷರದಲ್ಲಿ ಕಂಪನಿಯ ಹೆಸರು ಹೊಳೆಯುತ್ತಿತ್ತಲ್ಲ, ಅಷ್ಟು ಸಾಕಿತ್ತು. ನಾನೇ ಹೆಣೆದ ಹೊದಿಕೆ ಹಾಕಿದಾಗಲೂ ಆ ಹೆಸರು ಕಾಣುವಂತೆ ಅಂಚನ್ನು ಮಡಿಸಿಡುತ್ತಿದ್ದೆ.

ಬೇಸಿಗೆಯಲ್ಲಿ ಸುತ್ತಲಿನ ಹೊಲಗಳ ಪಂಪುಗಳೆಲ್ಲ ಶುರುವಾದರೆ ನಮ್ಮ ಕರೆಂಟು ಸೊರಗುತ್ತಿತ್ತು. ಅವು ನಿಂತರೆ ಒಮ್ಮೆಲೇ ಏರುತ್ತಿತ್ತು. ಅಂಥದೊಂದು ಏರಿಕೆಗೆ ಟಿವಿ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಬಸ್ ನಿಲ್ದಾಣದ ಹತ್ತಿರ ಒಬ್ಬ ರಿಪೇರಿಯವನಿದ್ದ. ಕಡಿಮೆ ಮಾತಿನ ಮನುಷ್ಯ. ಕೆಟ್ಟ ಭಾಗ ತೆಗೆದು ಹೊಸದು ಹಾಕಿದರೆ, ಹಳೆಯದನ್ನು ಹಾಳೆಯಲ್ಲಿ ಸುತ್ತಿ ಕರೆಂಟಿನ ವಯರಿಗೆ ಕಟ್ಟಿ ಕೊಡುವುದು ಅವನ ಪದ್ಧತಿ. ರಿಪೇರಿಯಾದ ಟಿವಿಯ ಜೊತೆ ನನಗೂ ಅಂಥ ಒಂದು ಪೊಟ್ಟಣ ಬಂತು. ಬಿಚ್ಚದೆ ಕಪಾಟಿಗೆ ಎಸೆದೆ.

ಹದಿನೈದು ದಿನಕ್ಕೆ ಚಿತ್ರ ಮತ್ತೆ ಕುಣಿಯತೊಡಗಿತು. ನನ್ನ ಗಂಡ ಹಿಂಬದಿ ಬಿಚ್ಚಿ ಬ್ಯಾಟರಿಯ ಬೆಳಕು ಬಿಟ್ಟು ನೋಡಿದರು.

"ಇಲ್ನೋಡು, ಒಳಗ ಒಂದರ ಮ್ಯಾಲೂ ನಿನ್ನ ಕಂಪನಿ ಹೆಸರಿಲ್ಲ. ಮೊದಲ ಆ ರಿಪೇರಿಯವನ್ನ ಕೇಳು, ಆಮ್ಯಾಲ ಬೈಯಿ," ಎಂದರು.

ಎರಡನೆಯ ಮಾತು ಮುಗಿಯುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿ ಅಂಗಳ ದಾಟಿದ್ದೆ.

ಅವತ್ತು ಸಂತೆ. ಅಂಗಡಿಯ ಮುಂದೆ ಜನ ನೆರೆದಿದ್ದರು. ಹಿಂದಿನ ಬೆಂಚಿನವರಿಗೂ ಕೇಳಿಸಲೆಂದು ಎತ್ತುವ ದನಿ ನನ್ನಲ್ಲಿ ಒಂದಿದೆ. ಅದನ್ನೇ ಎತ್ತಿದೆ.

"ಅಸಲಿ ಸಾಮಾನೆಲ್ಲ ಬಿಚ್ಚಿಕೊಂಡು ನಕಲಿ ತುಂಬಿಯಲ್ಲ, ನಾಚಿಕಿ ಬರಂಗಿಲ್ಲೇನು ನಿನಗ?"

ಅವನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟ. "ನಾ ತೆಗೆದಿದ್ದು ಒಂದ ಸಾಮಾನು ಮೇಡಂ. ಅದು ನಾ ಕಟ್ಟಿ ಕೊಟ್ಟ ಪಾಕೀಟಿನ್ಯಾಗ ಅದ. ಉಳದಿದ್ದೆಲ್ಲ ಮೊದಲಿಂದ ಹಂಗ ಅದರಿ."

"ಹಂಗಾರ ಹೈದರಾಬಾದದಿಂದ ತಂದ ನಮ್ಮಣ್ಣ ಕಳ್ಳ ಅಂತಿಯೇನು?"

ಅವನು ನೆರೆದವರ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ಉತ್ತರ ಬರದ ಹುಡುಗ ತಲೆ ತಗ್ಗಿಸಿದರೆ ತಪ್ಪು ಅವನದೇ ಎಂದು ತಿಳಿದು ನನಗೆ ರೂಢಿ. ಗೆದ್ದೆನೆಂದುಕೊಂಡು ಮನೆಗೆ ಬಂದೆ.

ಟೀಚರ್ ಸುಳ್ಳು ಹೇಳುತ್ತಾರೆಯೇ? ವಾರದೊಳಗೆ ಓಣಿಯವರು ಅವನ ಅಂಗಡಿಯಲ್ಲಿದ್ದ ತಮ್ಮ ಸಾಮಾನು ಎತ್ತಿಕೊಂಡು ಬಂದರು. ಒಬ್ಬಾಕೆಯ ಜೊತೆ ನಾನೇ ಶಹಾಪುರದವರೆಗೆ ಹೋಗಿ ಬೇರೆ ರಿಪೇರಿಯವನನ್ನು ತೋರಿಸಿ ಬಂದೆ. ಅದೂ ಒಂದು ಉಪಕಾರವೆಂದೇ ಆಗ ತಿಳಿದಿದ್ದೆ.

ನಾಗರಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಅಣ್ಣ ಬಂದ. ಅವನ ಮರ್ಯಾದೆಯನ್ನು ನಾನು ಹೇಗೆ ಕಾಪಾಡಿದೆ ಎಂದು ಹಬ್ಬದ ಸಿಹಿ ಉಂಡಿ ಕಟ್ಟುತ್ತಲೇ ವರ್ಣಿಸಿದೆ. ಅವನು ನಕ್ಕುಬಿಟ್ಟ.

"ಏ ಹುಚ್ಚಿ, ಡಬ್ಬಿ ಅಷ್ಟ ಕಂಪನಿದು. ಒಳಗಿಂದೆಲ್ಲ ಬಜಾರದಾಗ ಜೋಡಿಸಿದ್ದು. ನೀ ಹೇಳಿದ ದರಕ್ಕ ಅಸಲಿ ಯಾರು ಕೊಡ್ತಾರ? ನಿನಗ ಗೊತ್ತದ ಅಂತ ತಿಳದಿದ್ದೆ."

ಕೈಯಲ್ಲಿನ ಉಂಡಿ ಪುಡಿಯಾಯಿತು. ಒಳಗೆ ಹೋಗಿ ಕಪಾಟಿನಿಂದ ಪೊಟ್ಟಣ ಹುಡುಕಿ ಬಿಚ್ಚಿದೆ. ಸುಟ್ಟು ಕಪ್ಪಾದ ಒಂದೇ ಒಂದು ಸಾಮಾನು ಇತ್ತು. ಅದರ ಮೇಲೂ ನನ್ನ ಕಂಪನಿಯ ಹೆಸರಿರಲಿಲ್ಲ.

ಅವತ್ತೇ ಅವನ ಅಂಗಡಿಗೆ ಹೋಗಬೇಕಿತ್ತು. ಬೈಯಲು ಹೋದಷ್ಟೇ ಬಿರುಸಾಗಿ ಹೋಗಬೇಕಿತ್ತು. ಹೋಗಲಿಲ್ಲ. ತವರಿಂದ ಬಂದ ಮೇಲೆ ಎಂದುಕೊಂಡೆ, ಗೌರಿ ಹಬ್ಬ ಮುಗಿಯಲಿ ಎಂದುಕೊಂಡೆ. ತಪ್ಪು ಒಪ್ಪಿಕೊಳ್ಳುವುದೆಂದರೆ ನನ್ನ ಟಿವಿ ನಕಲಿ ಎಂದು ಓಣಿಗೆಲ್ಲ ಹೇಳಿದಂತೆ. ಅದು ನನ್ನಿಂದಾಗಲಿಲ್ಲ. ಹೊರಗೆ ಥಳಕು ಒಳಗೆ ಹುಳುಕು ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವಳು ನಾನು. ಆ ವರ್ಷ ಅದನ್ನು ಬಿಟ್ಟು ಬೇರೆ ಗಾದೆ ಕೊಟ್ಟೆ. ಚಳಿ ಬೀಳುವಷ್ಟರಲ್ಲಿ ಅವನ ಅಂಗಡಿ ಮುಚ್ಚಿತ್ತು. ಹುಣಸಗಿಗೆ ಹೋದನಂತೆ ಎಂದು ಯಾರೋ ಹೇಳಿದರು. ಆಗ ನನಗೆ ಮೊದಲು ಬಂದದ್ದು ಸಮಾಧಾನ. ಇದನ್ನು ಬರೆಯುವುದಕ್ಕೂ ಅಸಹ್ಯವಾಗುತ್ತದೆ.

ಕೆಲವು ವರ್ಷಗಳಾದ ಮೇಲೆ ನನಗೂ ಹುಣಸಗಿಗೇ ವರ್ಗವಾಯಿತು. ಶಾಲೆಯ ಟೇಪ್ ರೆಕಾರ್ಡರ್ ಕೆಟ್ಟಿತ್ತು, ಮರುದಿನ ಮಕ್ಕಳ ಕಾರ್ಯಕ್ರಮ. ರಿಪೇರಿಗೆಂದು ಹುಡುಕಿ ಹೋದ ಅಂಗಡಿ ಅವನದೇ ಎಂದು ಒಳಗೆ ಕಾಲಿಟ್ಟ ಮೇಲೆ ತಿಳಿಯಿತು. ತಲೆ ಅರ್ಧ ನರೆತಿತ್ತು. "ಬರ್ರಿ ಮೇಡಂ, ಕೂಡ್ರಿ," ಎಂದ. ಗುರುತು ಹಿಡಿದನೋ ಇಲ್ಲವೋ ತಿಳಿಯಲಿಲ್ಲ.

ನನಗಿಂತ ಮೊದಲು ಬಂದಿದ್ದ ರೈತನೊಬ್ಬನ ರೇಡಿಯೋವನ್ನು ಅವನು ಬಿಚ್ಚಿ, ಒಳಗೊಂದು ಕಾಗದದ ಚೀಟಿ ಅಂಟಿಸಿ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ.

"ರೇಡಿಯೋದಾಗ ಹೆಬ್ಬೆಟ್ಟು ಯಾಕೋ ಮಾರಾಯ?" ಎಂದು ರೈತ ನಕ್ಕ.

"ನಿನ್ನ ಸಾಮಾನು ನಿನ್ನ ಮುಂದ ಬಿಚ್ಚೀನಿ, ಏನೇನದ ನೀನ ನೋಡೀದಿ ಅಂತ ಗುರ್ತು. ಸುರಪುರದಾಗ ಕಲ್ತೀನಿ ಇದನ್ನ," ಎಂದ ಅವನು. ನನ್ನ ಕಡೆ ನೋಡಲಿಲ್ಲ.

ನನ್ನ ಸರದಿ ಬಂತು. ಟೇಪ್ ರೆಕಾರ್ಡರ್ ಬಿಚ್ಚಿ, ಒಂದೊಂದೇ ಸಾಮಾನು ಮುಟ್ಟಿ ತೋರಿಸಿ, ಚೀಟಿ ಅಂಟಿಸಿ, ಪೆನ್ನು ಮುಂದೆ ಹಿಡಿದ. "ದಸ್ಕತ್ ಹಾಕ್ರಿ."

ನಾನು ಅವನ ಕಡೆ ಬಾಗಿ ಮೆಲ್ಲಗೆ ಹೇಳಿದೆ. "ಆ ಟಿವಿ... ಅವತ್ತ ತಪ್ಪು ನಂದಿತ್ತು. ನೀವು ಹೇಳಿದ್ದ ಖರೇ ಇತ್ತು."

ಅವನು ಚೀಟಿಯಿಂದ ತಲೆ ಎತ್ತಿದ.

"ಅವತ್ತ ಸಂತಿಗೆಲ್ಲ ಕೇಳೂವಂಗ ಮಾತಾಡಿದ್ರಿ ಮೇಡಂ. ಇವತ್ತ ಯಾಕ ದನಿ ಸಣ್ಣ ಆಗ್ಯಾದ?"

ಅಂಗಡಿಯಲ್ಲಿ ಆ ರೈತನೂ ಇನ್ನಿಬ್ಬರೂ ಇದ್ದರು. ನಾನು ಹೇಳಿದ್ದು ಅವರಿಗೆ ಕೇಳಿಸಿರಲಿಲ್ಲ. ದನಿ ಎತ್ತಲು ಬಾಯಿ ತೆರೆದೆ, ಬರಲಿಲ್ಲ. ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.