ಆಯಿಯ ಅಸ್ಥಿ

ನನ್ನನ್ನು ಹೆತ್ತ ಆಯಿ ಸತ್ತ ದಿನ ಅಂಕೋಲೆಯ ಪೇಟೆಯ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ಎಂಥ ಗೌರವ ಎಂದು ಜನ ಈಗಲೂ ಹೇಳುತ್ತಾರೆ. ಬಾಗಿಲು ಹಾಕಿದವರಲ್ಲಿ ಒಬ್ಬನಾದರೂ ಹೆಣಕ್ಕೆ ಹೆಗಲು ಕೊಟ್ಟನೇ ಎಂದು ಯಾರೂ ಕೇಳುವುದಿಲ್ಲ.

ಆಗ ಉಪ್ಪಿನ ಚಳವಳಿ ನಡೆದು ಎರಡು ವರ್ಷವಾಗಿತ್ತು. ಆಯಿಯ ಹಾಡಿನ ಪ್ಲೇಟುಗಳು ಮುಂಬಯಿಯಿಂದ ಆಗಬೋಟಿನಲ್ಲಿ ಕಾರವಾರಕ್ಕೆ ಬರುತ್ತಿದ್ದವು, ಬಂದ ವಾರದಲ್ಲೇ ಖರ್ಚಾಗುತ್ತಿದ್ದವು. ಗ್ರಾಮಫೋನ್ ಇದ್ದವರ ನಡುಮನೆಯಲ್ಲಿ ಆಯಿ ದಿನವೂ ಹಾಡುತ್ತಿದ್ದಳು. ಅವಳೇ ಹೋದರೆ ಮಾತ್ರ ಹೊರಗೆ ಚಾಪೆ ಹಾಸುತ್ತಿದ್ದರು. ನಮ್ಮದು ದೇವಸ್ಥಾನದಲ್ಲಿ ಹಾಡಿ ಕುಣಿಯುವವರ ಮನೆತನ. ನನ್ನ ತಂದೆ ಯಾರೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಗಂಟಲಿನ ಹುಣ್ಣು ಅವಳನ್ನು ಆರು ತಿಂಗಳು ನರಳಿಸಿತು. ಕೊನೆಗೆ ಪಿಸುದನಿಯಲ್ಲಿ ಒಂದೇ ಮಾತು ಕೇಳಿಕೊಂಡಳು.

"ನನ್ನ ಅಸ್ಥಿ ಕಾಳಿ ಹೊಳೆ ಸಮುದ್ರಕ್ಕೆ ಸೇರೂ ಜಾಗದಲ್ಲಿ ನೀನೇ ಬಿಡು. ಬೇರೆಯವರ ಕೈಗೆ ಕೊಡಬೇಡ."

ಜೀವನವೆಲ್ಲ ಬೇರೆಯವರ ಕೈಯಲ್ಲೇ ಕಳೆದವಳು. ನಾನು ಹೂಂ ಎಂದೆ.

ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾರವಾರದಿಂದ ಒಬ್ಬ ದೊಡ್ಡ ವಕೀಲರು ಮೋಟಾರಿನಲ್ಲಿ ಬಂದು, ಬೇಲಿಯ ಆಚೆ ನಿಂತು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಆಯಿಗೆ ತಬಲಾ ಬಾರಿಸುತ್ತಿದ್ದ ನನ್ನ ಮಾಮ ಕೈಮುಗಿದು, ಇನ್ನೂ ಮೂರು ಹೆಗಲು ಬೇಕು ಎಂದು ಕೇಳಿದ. ಅಷ್ಟು ಜನವೂ ನೆಲ ನೋಡಿದರು. ಕೊನೆಗೆ ಗದ್ದೆಯಲ್ಲಿ ಕೂಲಿಗೆ ಬಂದಿದ್ದ ಮೂವರು ಕಾಲಿನ ಕೆಸರು ತೊಳೆದುಕೊಂಡು ಬಂದು ಚಟ್ಟ ಎತ್ತಿದರು. ಉಳಿದವರು ಮೈ ತಾಕದಷ್ಟು ದೂರ ಬಿಟ್ಟು ಹಿಂದೆ ನಡೆದರು. ದಾರಿಯ ಹೋಟೆಲಿನವನು ಮುಚ್ಚಿದ ಬಾಗಿಲ ಒಳಗಿನಿಂದಲೇ ಗೌರವಕ್ಕೆಂದು ಆಯಿಯದೇ ಪ್ಲೇಟು ಹಾಕಿದ. ತನ್ನ ಹೆಣದ ಹಿಂದೆ ಅವಳೇ ಹಾಡಬೇಕಾಯಿತು.

ನಮ್ಮಲ್ಲಿ ಹೆಂಗಸರು ಸುಡುಗಾಡಿಗೆ ಹೋಗುವ ಪದ್ಧತಿಯಿಲ್ಲ. ಮೂರನೆಯ ದಿನ ಮಾಮನ ಹತ್ತಿರ ಜಗಳವಾಡಿ ಹೊಸ ಕುಡಿಕೆ ಹಿಡಿದು ನಾನೂ ಹೋದೆ. ಚಿತೆ ಇದ್ದಲ್ಲಿ ಬರೀ ಕಪ್ಪು ನೆಲವಿತ್ತು. ಒಂದು ಬೆರಳಿನ ಮೂಳೆಯೂ ಇರಲಿಲ್ಲ, ಯಾರೋ ಗುಡಿಸಿದ ಹಾಗಿತ್ತು.

ಹೆಗಲು ಕೊಟ್ಟವರಲ್ಲಿ ಒಬ್ಬ ಅಲ್ಲೇ ಹತ್ತಿರ ದನ ಮೇಯಿಸುತ್ತಿದ್ದ. ನಿನ್ನೆ ಬೆಳಗಿನಿಂದ ಜನ ದೊನ್ನೆ, ಡಬ್ಬಿ ಹಿಡಿದು ಬಂದರಂತೆ. ಅಂಥ ಗಂಟಲು ಸುಟ್ಟ ಬೂದಿಯನ್ನು ಜೇನಿನಲ್ಲಿ ನೆಕ್ಕಿಸಿದರೆ ಹೆಣ್ಣುಮಕ್ಕಳಿಗೆ ದನಿ ಬರುತ್ತದೆಂದು ಯಾರೋ ಹೇಳಿದ್ದರಂತೆ. ಮೈಲಿಗೆಯಲ್ಲವೇ ಎಂದು ಇವನು ಕೇಳಿದ್ದಕ್ಕೆ, ಬೆಂಕಿಗೆ ಎಂಥ ಮೈಲಿಗೆ ಮಾರಾಯ ಎಂದು ನಕ್ಕರಂತೆ.

ಮಾಮ, ಅಲ್ಲಿನ ಮಣ್ಣನ್ನೇ ತುಂಬಿಕೊಳ್ಳೋಣ ಎಂದ. ಮಣ್ಣು ಆಯಿಯಲ್ಲ ಎಂದು ನಾನು ಖಾಲಿ ಕುಡಿಕೆ ಹಿಡಿದು ಮನೆಗೆ ಬಂದೆ.

ಆಮೇಲೆ ಕಾರವಾರಕ್ಕೆ ಹೋಗಿ ಹಾಡು ಕಲಿಸಿಕೊಂಡು ಬದುಕಿದೆ. ಅಲ್ಲಿ ವರ್ಷವರ್ಷವೂ ಆಯಿಯ ಫೋಟೋಕ್ಕೆ ಹಾರ ಹಾಕಿ ಸಭೆ ಮಾಡುತ್ತಿದ್ದರು. ಬೇಲಿಯಾಚೆ ನಿಂತಿದ್ದ ಆ ವಕೀಲರೇ ಅಧ್ಯಕ್ಷರು. ಚಟ್ಟಕ್ಕೆ ತಾವೂ ಹೆಗಲು ಕೊಟ್ಟಿದ್ದಾಗಿ ಭಾಷಣದಲ್ಲಿ ಹೇಳುತ್ತಿದ್ದರು. ಎರಡನೆಯ ವರ್ಷದಿಂದ ನಾನು ಹೋಗುವುದನ್ನು ಬಿಟ್ಟೆ.

ಮೂರನೆಯ ವರ್ಷ ಆ ವಕೀಲರ ಹೆಂಡತಿ ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದಳು. ಮಾತಿನಲ್ಲಿ ಮುಚ್ಚುಮರೆಯೇ ಇರಲಿಲ್ಲ.

"ನಿನ್ನ ಆಯಿದು ಬೂದಿ ಜೇನಲ್ಲಿ ಕಲಸಿ ಇವಳಿಗೆ ನೆಕ್ಸಿದ್ದೆ ತಂಗಿ. ದನಿ ಬರಲೇ ಇಲ್ಲ ನೋಡು."

ನನ್ನ ಮೇಲೆ ದೂರು ಹೇಳುವ ಹಾಗೆ ಹೇಳಿದಳು. ಸ್ವಲ್ಪವಾದರೂ ಉಳಿದಿದೆಯೇ ಎಂದು ಕೇಳಿದೆ. ದೇವರ ಗೂಡಿನಲ್ಲಿ, ಕುಂಕುಮದ ಭರಣಿಯಲ್ಲಿ ಒಂಚೂರು ಇದೆ ಎಂದಳು. ಅದನ್ನು ಕೊಡಿ ಅಮ್ಮ ಎಂದು ಬೇಡಿಕೊಂಡೆ. ಅವಳು ಯೋಚಿಸಿದಳು.

"ಹುಡುಗಿ ನೋಡೂಕೆ ಬಂದೋರ ಎದುರಿಗೆ ಒಂದು ಹಾಡು ಹೇಳೂವಷ್ಟು ಕಲಿಸು. ಮದುವೆ ಗಟ್ಟಿಯಾದ ದಿನ ತಂದು ಕೊಡ್ತೆ."

ಎರಡು ಮಳೆಗಾಲ ಕಲಿಸಿದೆ. ಹುಡುಗಿ ಪಾಪದವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಸ್ವರ ಮಾತ್ರ ಅವಳಿಗೆ ಒಲಿಯಲಿಲ್ಲ. ಹೇಗೋ ಒಂದು ಹಾಡು ಕೂತಿತು, ಮದುವೆಯೂ ಗಟ್ಟಿಯಾಯಿತು. ತಾಯಿ ಮಾತು ಉಳಿಸಿಕೊಂಡು ಭರಣಿ ತಂದಳು. ನಾನು ಎರಡೂ ಕೈ ಚಾಚಿದೆ. ಕೈ ತಾಗೀತೆಂದು ಅವಳು ಅದನ್ನು ನೆಲದ ಮೇಲಿಟ್ಟು ಹಿಂದೆ ಸರಿದಳು.

ಮಾರನೆಯ ಬೆಳಿಗ್ಗೆ ದೋಣಿಯಲ್ಲಿ ಕಾಳಿ ಸಮುದ್ರ ಸೇರುವ ಅಳಿವೆಗೆ ಹೋದೆ. ಇದ್ದದ್ದು ಒಂದು ಚಿಟಿಕೆ. ಅದರಲ್ಲಿ ಆಯಿ ಎಷ್ಟೋ, ಸೌದೆ ಎಷ್ಟೋ. ನೀರಿಗೆ ಬಿಟ್ಟು ಕೈ ತೊಳೆದುಕೊಂಡೆ. ಮಿಕ್ಕ ಆಯಿ ಈ ಎರಡು ಊರಿನ ಹೆಣ್ಣುಮಕ್ಕಳ ಹೊಟ್ಟೆ ಸೇರಿದ್ದಾಳೆ. ಅವಳನ್ನು ನಾನು ಎಲ್ಲಿ ಬಿಡಲಿ?