ಕುದಿಸಿದ ಸವಳು ನೀರು

ನಾನು ಗಜೇಂದ್ರಗಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕಲಿಸುವ ಚಟ ಸೂಟಿಯಲ್ಲೂ ಬಿಡದು. ಹೋದ ಬೇಸಿಗೆಯಲ್ಲಿ ಜಕ್ಕಲಿಯ ತವರಿಗೆ ಹೋದಾಗ ನನ್ನ ಐದು ವರ್ಷದ ಮಗಳಿಗೆ ಬೆಳಿಗ್ಗೆಯೇ ಭೇದಿ ಹತ್ತಿತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸದ್ಯ, ಓಆರ್‌ಎಸ್ ಪುಡಿ ಚೀಲದಲ್ಲೇ ಇತ್ತು.

ಅವ್ವನ ಮನೆಯಲ್ಲಿ ಕುಡಿಯಲು, ಬೇಳೆ ಬೇಯಿಸಲು ಕೆರೆಯ ನೀರು. ಬೋರಿನದು ಪಾತ್ರೆ ಬಟ್ಟೆಗೆ ಮಾತ್ರ. ಕೆರೆಯ ನೀರಿನಿಂದಲೇ ಈ ಭೇದಿ ಎಂದು ಸಿಡುಕಿ, ನಾನು ಬೋರಿನ ನೀರನ್ನು ಒಲೆಗೆ ಇಟ್ಟೆ.

"ಅದು ಸವಳು ನೀರವ್ವಾ, ಉಪ್ಪುಪ್ಪು. ಕೆರೀ ನೀರ ಕುದಿಸಿ ಕೊಡು," ಎಂದಳು ಅವ್ವ.

"ಸುಮ್ನಿರ ಯವ್ವಾ, ನಾ ದಿನಾ ಇದನ್ನ ಪಾಠಾ ಮಾಡ್ತೀನಿ."

ಒಂದು ಹುಳವೂ ಉಳಿಯಬಾರದೆಂದು ದೊಡ್ಡ ಪಾತ್ರೆ ಅರ್ಧಕ್ಕಿಳಿಯುವ ತನಕ ಕುದಿಸಿದೆ. ಆರಿಸಿ, ಒಂದು ಲೀಟರ್ ಅಳೆದು ಪುಡಿ ಕಲಸಿ, ಚಮಚೆಯಿಂದ ಕುಡಿಸತೊಡಗಿದೆ. ಜೊತೆಗೆ ಅವ್ವನಿಗೆ ಪಾಠ: ಕರುಳಿನ ಜೀವಕೋಶಗಳ ಪೊರೆಯಲ್ಲಿ ಸಣ್ಣ ಬಾಗಿಲುಗಳಿವೆ, ಉಪ್ಪು ಸಕ್ಕರೆ ಜೋಡಿಯಾಗಿ ಬಂದರೆ ಒಳಗೆ ಬಿಡುತ್ತವೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ.

ಮಧ್ಯಾಹ್ನಕ್ಕೆ ಭೇದಿ ಹೆಚ್ಚಾಯಿತು. ಮಗುವಿಗೆ ಕುಡಿದಷ್ಟೂ ನೀರಡಿಕೆ. ನಾಲಿಗೆ ಒಣಗಿತ್ತು, ಬೆಳಿಗ್ಗೆಯಿಂದ ಉಚ್ಚೆ ಹೊಯ್ದಿರಲಿಲ್ಲ. ನಾನು ಒಳಗೂ ಹೊರಗೂ ತಿರುಗಿದೆ, ಮತ್ತಷ್ಟು ಕುಡಿಸಿದೆ. ಕೊನೆಗೆ ಅವ್ವ ಚಮಚೆ ಕಸಿದು, ನೆಕ್ಕಿ ನೋಡಿ, ಉಗುಳಿದಳು. ನಾನೂ ನಾಲಿಗೆಗೆ ಹಚ್ಚಿಕೊಂಡೆ. ಕುದಿದು ಆವಿಯಾಗಿ ಹೋದದ್ದು ನೀರು ಮಾತ್ರ. ಸವಳಿನ ಉಪ್ಪೆಲ್ಲ ಪಾತ್ರೆಯಲ್ಲೇ ಉಳಿದಿತ್ತು, ಮೇಲೆ ಪುಡಿಯ ಉಪ್ಪು ಬೇರೆ. ಕರುಳಿನಲ್ಲಿ ಉಪ್ಪು ಹೆಚ್ಚಾದರೆ ಮೈಯೊಳಗಿನ ನೀರೇ ಪೊರೆ ದಾಟಿ ಅತ್ತ ಹರಿಯುತ್ತದೆ. ಉಪ್ಪುನೀರಿಗೆ ದ್ರಾಕ್ಷಿ ಹಾಕಿ, ಅದು ಸುಕ್ಕಾಗುವುದನ್ನು ಪ್ರತಿ ವರ್ಷ ಮಕ್ಕಳಿಗೆ ತೋರಿಸುವವಳು ನಾನು. ನನ್ನ ಮಗಳ ನೀರನ್ನು ನಾನೇ ಚಮಚೆ ಚಮಚೆಯಾಗಿ ಹೊರಗೆಳೆದಿದ್ದೆ.

ರೋಣದ ದವಾಖಾನೆಗೆ ಓಡಿದೆವು. ಡಾಕ್ಟರು ಮಗುವಿನ ಹೊಟ್ಟೆಯ ಚರ್ಮ ಚಿವುಟಿ ನೋಡಿ, ಓಆರ್‌ಎಸ್ ಕುಡಿಸಿದ್ದನ್ನು ಕೇಳಿ ತಿಳಿದು, "ಪುಡಿ ಯಾವ ನೀರಾಗ ಕಲಸಿದ್ರಿ?" ಎಂದರು. ನಾನು ಮಗಳ ಫ್ರಾಕು ಸರಿಮಾಡತೊಡಗಿದೆ.

"ಬೋರಿನ ಸವಳು ನೀರಾಗ್ರೀ, ಭಾಳ ಕುದಿಸಿ. ನಾನ ಕಲಸೀನ್ರಿ," ಎಂದಳು ಅವ್ವ. "ನಮಗೇನ್ ತಿಳೀತದ್ರಿ."

ಡಾಕ್ಟರು ಸಲೈನ್ ಹಚ್ಚಲು ಹೇಳಿ ಅವ್ವನನ್ನು ಚೆನ್ನಾಗಿ ಬೈದರು. ಆಮೇಲೆ ನನ್ನತ್ತ ತಿರುಗಿ, "ನೀವು ಕಲಿತಾವ್ರು, ನೀವರ ಹೇಳಬಾರದೇನ್ರಿ?" ಎಂದರು.

"ಹೇಳಿದ್ನಿರಿ," ಎಂದೆ. "ಕೇಳಲಿಲ್ಲ."

ಅವ್ವ ಮೊಮ್ಮಗಳ ಅಂಗಾಲು ತಿಕ್ಕುತ್ತ ಕೂತಳು.

ಸಂಜೆ ಮಗಳು ಅವ್ವನ ಮಡಿಲಲ್ಲೇ ಉಚ್ಚೆ ಹೊಯ್ದಳು. ಅವ್ವ ಹಸಿ ಸೀರೆಯಲ್ಲೇ ಕೂತು ನನ್ನನ್ನು ನೋಡಿ ನಕ್ಕಳು. ನಾನು ಮುಖ ತಿರುಗಿಸಿದೆ.