ದೊಡ್ಡಮ್ಮನಿಗೆ ಎಟುಕದ ತಟ್ಟೆ

ಡಾಕ್ಟರು ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನು ಬೆಳಿಗ್ಗೆ ಎರಡು ತುಂಡು ಮಾಡಿದೆ. ಬೆರಳಿಗೆ ಬಿಳಿ ಪುಡಿ ಮೆತ್ತಿತು. ನೋಡಿ, ಅಷ್ಟಕ್ಕೇ ನಾನು ನಮ್ಮೂರು ಕೈಲಾಂಚದ ಹುಳಿನ ಮನೆಯಲ್ಲಿದ್ದೆ. ರೇಷ್ಮೆ ಹುಳು ಪೊರೆ ಬಿಡುವ ಹೊತ್ತಿಗೆ ನಮ್ಮ ದೊಡ್ಡಮ್ಮ ಇಂಥದೇ ಸುಣ್ಣದ ಪುಡಿಯನ್ನು ಹುಳು ಸಾಕುವ ಬಿದಿರಿನ ತಟ್ಟೆಗಳ ಮೇಲೆ ಉದುರಿಸುತ್ತಿದ್ದಳು.

ಆಗ ರೇಷ್ಮೆ ಗೂಡಿಗೆ ಒಳ್ಳೆಯ ರೇಟು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಜನ ನಡುಮನೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು ಜಗಲಿಯಲ್ಲಿ ಮಲಗುತ್ತಿದ್ದರು. ಹುಳಿನ ಮನೆಗೊಂದು ಕಟ್ಟಳೆಯಿತ್ತು: ಮುಟ್ಟಾದ ಹೆಂಗಸು ಮೂರು ದಿನ ಒಳಗೆ ಕಾಲಿಡಬಾರದು. ಆ ಮೂರು ದಿನ ಒಬ್ಬನೇ ಹುಳು ಮೇಯಿಸುವ ದೊಡ್ಡಪ್ಪನದು ನಾಯಿಪಾಡು. ಹಾಗಾಗಿ ನಲವತ್ತಕ್ಕೇ ದೊಡ್ಡಮ್ಮನ ಮುಟ್ಟು ನಿಂತಾಗ ಮನೆಯಲ್ಲಿ ಒಬ್ಬಟ್ಟು ಮಾಡಿದರು. ಯಾಕೆಂದು ಕೇಳದೆ ನಾನೂ ಎರಡು ತಿಂದೆ.

"ಇನ್ ಮೂವತ್ ದಿನಾನೂ ಹುಳಿನ್ ಮನೆ ನಂದೇ," ಎಂದು ದೊಡ್ಡಮ್ಮನೇ ಹಿಗ್ಗಿದ್ದಳು.

ಕೆಲವು ವರ್ಷಗಳಾದ ಮೇಲೆ, ತಟ್ಟೆ ಜೋಡಿಸುವ ಸ್ಟ್ಯಾಂಡಿನ ತುದಿಯ ತಟ್ಟೆ ಅವಳ ಕೈಗೆ ಎಟುಕದಾಯಿತು. "ಸ್ಟ್ಯಾಂಡಿನ ಕಾಲ್ಗೆ ಇಟ್ಟಿಗೆ ಕೊಟ್ಟೋರ್ ಯಾರು?" ಎಂದು ದೊಡ್ಡಪ್ಪನನ್ನು ತರಾಟೆಗೆ ತೆಗೆದುಕೊಂಡಳು. ಪಾಪ, ಅವನು ಇರುವೆ ಹತ್ತದಂತೆ ಕಾಲುಗಳಡಿ ಇಟ್ಟಿದ್ದ ನೀರಿನ ಬಟ್ಟಲುಗಳನ್ನೆಲ್ಲ ಬಗ್ಗಿ ಬಗ್ಗಿ ತೋರಿಸಿದ. ಸ್ಟ್ಯಾಂಡು ಬೆಳೆದಿರಲಿಲ್ಲ, ದೊಡ್ಡಮ್ಮ ಕುಗ್ಗಿದ್ದಳು. ಅದು ಯಾರಿಗೂ ಹೊಳೆಯಲಿಲ್ಲ.

ಒಂದು ದಿನ ತುದಿಗಾಲಲ್ಲಿ ನಿಂತು ಅದೇ ತಟ್ಟೆಗೆ ಕೈಚಾಚಿ ಜಾರಿದಳು. ನೆಲಕ್ಕೆ ಕೈಯೂರಿದ್ದಷ್ಟೇ, ಮಣಿಕಟ್ಟು ಮುರಿಯಿತು. ರಾಮನಗರದ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಮೊದಲು ಕೇಳಿದ್ದು, ಮುಟ್ಟು ನಿಂತು ಎಷ್ಟು ವರ್ಷವಾಯಿತು ಎಂದು. ದೊಡ್ಡಪ್ಪ ಗೋಡೆಯ ಕ್ಯಾಲೆಂಡರು ನೋಡತೊಡಗಿದ. ಡಾಕ್ಟರು ಬಿಡಿಸಿ ಹೇಳಿದರು: ಮೂಳೆ ದಿನವೂ ಒಂದಿಷ್ಟು ಸವೆಯುತ್ತದೆ, ಒಂದಿಷ್ಟು ಕಟ್ಟಿಕೊಳ್ಳುತ್ತದೆ. ಸವೆತವನ್ನು ಹಿಡಿತದಲ್ಲಿಡುವುದು ಈಸ್ಟ್ರೋಜನ್ ಎಂಬ ಹಾರ್ಮೋನು. ಮುಟ್ಟು ನಿಲ್ಲುವಾಗ ಅದೂ ಇಳಿಯುತ್ತದೆ. ಬೇಗ ನಿಂತರೆ ಮೂಳೆ ಬೇಗ ಟೊಳ್ಳಾಗುತ್ತದೆ, ಬೆನ್ನುಮೂಳೆ ಕುಸಿದು ಎತ್ತರವೂ ಕುಗ್ಗುತ್ತದೆ.

"ಅಂದ್ರೆ ಸೊಪ್ಪು ಚಿಗುರೋದು ಒಸಿ, ಹುಳ ಮೇಯೋದು ಜಾಸ್ತಿ ಅನ್ನಿ," ಎಂದಳು ದೊಡ್ಡಮ್ಮ.

ಮನೆಗೆ ಬಂದದ್ದೇ ದೊಡ್ಡಪ್ಪ ತಟ್ಟೆಗಳನ್ನು ಇಳಿಸಿ, ಗರಗಸ ತಂದು, ಸ್ಟ್ಯಾಂಡಿನ ನಾಲ್ಕೂ ಕಾಲುಗಳನ್ನು ಒಂದೊಂದು ಗೇಣು ಕೊಯ್ದ. ಕೊಯ್ಯುತ್ತಲೇ, "ಒಬ್ಬಟ್ ತಿಂದ್ಬುಟ್ವಲ್ಲ ಕಣೆ," ಎಂದ. ಅವನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಅವತ್ತೇ.

ಇಷ್ಟೆಲ್ಲ ಬಲ್ಲ ನಾನು, ಅದರ ಮೇಲೆ ಮಕ್ಕಳಿಗೆ ವಿಜ್ಞಾನ ಪಾಠ ಹೇಳುವವಳು, ಹೋದ ತಿಂಗಳು ದೊಡ್ಡಮ್ಮನಿಗೆ ಫೋನು ಮಾಡಿ, "ನಂಗೂ ನಿಂತೋಯ್ತು, ಪೀಡೆ ಕಳೀತು," ಎಂದು ನಕ್ಕೆ.

"ಒಬ್ಬಟ್ ಮಾಡ್ಬ್ಯಾಡ ಕಣವ್ವ. ನಾಳೀಕೇ ಡಾಕ್ಟ್ರ ತಾವ ಹೋಗು. ನಂಗೆ ಯೋಳೋರ್ ಯಾರೂ ಇರ್ನಿಲ್ಲ."

ನನಗೆ ಹೇಳುವವಳು ಇದ್ದಾಳೆ. ಎರಡೂ ತುಂಡು ನುಂಗಿ ನೀರು ಕುಡಿದೆ.